ಎರಡು ಸಲ ಇಳಿಯುವ ತೂಕ

ಆ ತೂಕದ ಯಂತ್ರದ ಮುಳ್ಳು ನಿಲ್ಲುವ ಮೊದಲು ಸ್ವಲ್ಪ ಯೋಚಿಸುತ್ತಿತ್ತು. ಹಗಲು ವಾರ್ಡಿನ ಬಾಗಿಲ ಪಕ್ಕದಲ್ಲಿ, ಗೋಡೆಗೆ ಬೆನ್ನು ಕೊಟ್ಟು ನಿಂತ ಭಾರಿ ಕಬ್ಬಿಣದ ಯಂತ್ರ ಅದು. ರೈಲ್ವೆಯ ಪಾರ್ಸಲ್ ಆಫೀಸಿಗೆಂದು ಹುಟ್ಟಿದ್ದು ದಾರಿ ತಪ್ಪಿ ಆಸ್ಪತ್ರೆ ಸೇರಿದಂತಿತ್ತು. ಮೇಲೆ ಗಡಿಯಾರದಂಥ ದುಂಡು ಮುಖ, ಅದರೊಳಗೆ ಒಂದೇ ಒಂದು ಕರಿಯ ಮುಳ್ಳು. ಮನುಷ್ಯ ಹಲಗೆಯ ಮೇಲೆ ಹತ್ತಿದೊಡನೆ ಅದು ಮುಂದಕ್ಕೆ ಹಾರಿ, ಹೆಚ್ಚಾಯಿತೆನಿಸಿ ಹಿಂದಕ್ಕೆ ಬಂದು, ಮತ್ತೆ ಚೂರು ಮುಂದೆ ಹೋಗಿ, ಕೊನೆಗೆ ಒಲ್ಲದ ಮನಸ್ಸಿನಿಂದ ಒಂದು ಅಂಕಿಯ ಮೇಲೆ ಕೂರುತ್ತಿತ್ತು. ಅಷ್ಟು ಯೋಚಿಸಿ ತೀರ್ಪು ಕೊಟ್ಟವರನ್ನು ನಾನು ಬೇರೆಲ್ಲೂ ಹೆಚ್ಚಾಗಿ ಕಂಡಿಲ್ಲ.

ನನಗೆ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಕಾಲೇಜಿನ ಲೈಬ್ರರಿಯ ಕೆಲಸದಿಂದ ನಿವೃತ್ತಳಾಗಿದ್ದೆ. ನಾನು ಓದಿದ್ದ ಕಾದಂಬರಿಗಳಲ್ಲಿ ಇಂಥ ಕಾಯಿಲೆಯವರು ಕಿಟಕಿ ಪಕ್ಕದ ಮಂಚದಲ್ಲಿ ಮಲಗಿ, ಬೆಳ್ಳಗಾಗಿ, ಒಳ್ಳೊಳ್ಳೆಯ ಮಾತುಗಳನ್ನಾಡುತ್ತಿದ್ದರು. ನಮ್ಮ ಊರಿನ ಪದ್ಧತಿ ಬೇರೆ. ಇಲ್ಲಿ ಬೆಳಿಗ್ಗೆ ಬಂದು, ಹಲಗೆ ಹತ್ತಿ ಇಳಿದು, ಒರಗುವ ಕುರ್ಚಿಯಲ್ಲಿ ಕೂತು, ತೋಳಿಗೆ ಮದ್ದು ಹನಿಸಿಕೊಂಡು, ಸಂಜೆಯ ಬಸ್ಸಿಗೆ ಮನೆಗೆ ಹೋಗಿ ಹುರುಳಿಕಾಯಿ ಬಿಡಿಸುತ್ತಿದ್ದರು. ಮಂಚವೂ ಇಲ್ಲ, ಒಳ್ಳೊಳ್ಳೆಯ ಮಾತೂ ಇಲ್ಲ. ಬದಲಿಗೆ ಅಕ್ಕಿಯ ಬೆಲೆ, ಸೊಸೆಯಂದಿರ ಗುಣ, ಯಾವ ನರ್ಸಿನ ಕೈ ಹಗುರ ಎಂಬ ಚರ್ಚೆ. ನನಗೆ ಅದೇ ಹಿಡಿಸಿತು.

ಕುರ್ಚಿಗಳ ಸಾಲಿನ ಎದುರಿಗೆ ಒಂದು ಗಾಜಿನ ಕೋಣೆ ಇತ್ತು. ಅದನ್ನು ನಾವೆಲ್ಲ ಅಡುಗೆಮನೆ ಎನ್ನುತ್ತಿದ್ದೆವು. ಅದರೊಳಗೆ ಇನ್ನೊಂದು ಗಾಜಿನ ಪೆಟ್ಟಿಗೆ, ಆ ಪೆಟ್ಟಿಗೆಯೊಳಗೆ ಎರಡೆರಡು ಕೈಗವಸು ತೊಟ್ಟ ಎರಡು ಕೈಗಳು, ಆ ಕೈಗಳ ಹಿಂದೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ರಾಜಮತಿ. ಅವಳು ಅಲ್ಲಿಯ ಫಾರ್ಮಸಿಸ್ಟ್. ನಮ್ಮ ಮೈಗೆ ಹೋಗುವ ಮದ್ದನ್ನು ಅಳೆದು ಬೆರೆಸುವುದು ಅವಳ ಕೆಲಸ. ಡಾಕ್ಟರು ನಮ್ಮ ಎತ್ತರವನ್ನೂ ತೂಕವನ್ನೂ ನೋಡಿ ಮದ್ದಿನ ಅಳತೆ ಬರೆಯುತ್ತಿದ್ದರು. ಅವಳು ಅದನ್ನು ಮತ್ತೆ ತಾನೇ ಲೆಕ್ಕ ಹಾಕಿ ನೋಡುತ್ತಿದ್ದಳು. ಅಲ್ಲಿಗೆ ಮುಗಿಸಿದ್ದರೆ ಯಾರಿಗೂ ತಕರಾರಿರಲಿಲ್ಲ. ಆದರೆ ಮನುಷ್ಯನನ್ನು ಕಣ್ಣಾರೆ ನೋಡಿ ಮಾತಾಡಿಸದೆ ಅವನ ಮದ್ದಿನ ಬಾಟಲಿಯ ಬಿರಡೆ ತೆಗೆಯುವುದಿಲ್ಲ ಎಂಬ ಹಟ ಅವಳದು. ಹೀಗಾಗಿ ಪ್ರತಿ ಬೆಳಿಗ್ಗೆ ಅಡುಗೆಮನೆಯಿಂದ ಹೊರಬಂದು, ಒಂದು ಮೂರು ಕಾಲಿನ ಸ್ಟೂಲನ್ನು ಕುರ್ಚಿಯಿಂದ ಕುರ್ಚಿಗೆ ಎಳೆದುಕೊಂಡು ಹೋಗುತ್ತಿದ್ದಳು. ಆ ಸ್ಟೂಲಿನ ಕಿರುಗುಟ್ಟುವಿಕೆಯಿಂದಲೇ ನಮಗೆ ತಡ ಶುರುವಾಯಿತೆಂದು ತಿಳಿಯುತ್ತಿತ್ತು.

ಕೇಳುವ ಪ್ರಶ್ನೆಗಳೂ ಅವೇ. ಹೆಸರೇನು (ಗೊತ್ತಿದ್ದರೂ ಕೇಳುವಳು), ನಿನ್ನೆ ಏನು ತಿಂದಿರಿ, ಬಾಯಿ ಹೇಗಿದೆ, ಕೈಕಾಲು ಜೋಮು ಹಿಡಿಯುತ್ತದೆಯೆ, ನಾವು ಕೊಟ್ಟದ್ದಲ್ಲದೆ ಇನ್ನೇನು ತಗೊಂಡಿರಿ. "ಏನೂ ಇಲ್ಲ" ಎಂಬುದನ್ನು ಅವಳು ಉತ್ತರವೆಂದು ಒಪ್ಪುತ್ತಿರಲಿಲ್ಲ. ಮಾತಿನ ಪೀಠಿಕೆ ಎಂದು ತಿಳಿದು ಸುಮ್ಮನೆ ಕೂರುತ್ತಿದ್ದಳು. ಲೈಬ್ರರಿಯಲ್ಲಿ ನಾನೂ ಹುಡುಗರ ಮುಂದೆ ಹಾಗೇ ಕೂತವಳು. ಪುಸ್ತಕ ಕಳೆದವನು ಅಂಥ ಮೌನದ ಮುಂದೆ ಹೆಚ್ಚು ಹೊತ್ತು ನಿಲ್ಲಲಾರ. ನಾನೂ ನಿಲ್ಲಲಿಲ್ಲ. ಹಿತ್ತಿಲಿನ ಚಕ್ಕೋತದ ಮರ ಈ ಸಲ ಚೆನ್ನಾಗಿ ಬಿಟ್ಟಿದೆ, ಬಾಯಿಗೆ ಬೇರೇನೂ ರುಚಿಸದೆ ದಿನಾ ಅದನ್ನೇ ತಿನ್ನುತ್ತಿದ್ದೇನೆ ಎಂದು ನಾಲ್ಕನೆಯ ಮಾತಿಗೇ ಬಾಯಿಬಿಟ್ಟೆ. ಅವಳ ಮುಖ ಗಂಭೀರವಾಯಿತು. ಆ ಹಣ್ಣು ಕೆಲವು ಮದ್ದುಗಳನ್ನು ಮೈಯಿಂದ ಬೇಗ ಹೊರಹೋಗಗೊಡುವುದಿಲ್ಲ, ಒಂದು ಪಾಲು ಕೊಟ್ಟದ್ದು ಒಳಗೆ ಒಂದೂವರೆಯಾಗಿ ಕೂರುತ್ತದೆ, ಚಿಕಿತ್ಸೆ ಮುಗಿಯುವವರೆಗೆ ಅದರ ಸಿಪ್ಪೆಯನ್ನೂ ಮುಟ್ಟಬೇಡಿ ಎಂದಳು. ಮರ ನನ್ನದು, ಹಣ್ಣು ನನ್ನದು, ಕಾಯಿಲೆಯೂ ನನ್ನದೇ; ಆದರೂ ಅಂದಿನಿಂದ ಚಕ್ಕೋತವೆಲ್ಲ ಅಕ್ಕಪಕ್ಕದ ಮನೆಗಳಿಗೆ ಹೋಯಿತು. ಅವರು ಬಂದು ರುಚಿಯನ್ನು ವರ್ಣಿಸುತ್ತಿದ್ದರು.

ಇಂಥ ಸಭೆಗೆ ಒಂದು ದಿನ ಪೈಲ್ವಾನ್ ಜವರಣ್ಣ ಬಂದರು.

ಬಾಗಿಲು ತುಂಬ ನಿಂತ ಆ ಮನುಷ್ಯನನ್ನು ನೋಡಿ, ಯಾರನ್ನೋ ಎತ್ತಿಕೊಂಡು ಹೋಗಲು ಬಂದವರೆಂದೇ ನಾವೆಲ್ಲ ತಿಳಿದೆವು. ಜೊತೆಗೆ ಅವರ ಹೆಂಡತಿ ದೊಡ್ಡತಾಯಮ್ಮ. ಹೆಸರಿಗೆ ವಿರುದ್ಧವಾಗಿ ಪುಟ್ಟ ಹೆಂಗಸು. ಕಾಯಿಲೆ ಆಕೆಯದ್ದಿರಬಹುದೆಂದು ಸಿಸ್ಟರ್ ಗ್ರೇಸಿ ಆಕೆಯ ಕೈಯನ್ನೇ ಹಿಡಿದಳು. "ನಂಗಲ್ಲ ಕಣವ್ವ, ಈ ಗುಡ್ಡಕ್ಕೆ," ಎಂದು ಆಕೆ ಗಂಡನ ಕಡೆ ಬೆರಳು ತೋರಿಸಿದರು. ಕಾಯಿಲೆ ಅವರ ಹೊಟ್ಟೆಯೊಳಗಿತ್ತು. ಆಪರೇಷನ್ ಆಗಿ, ಈಗ ಮದ್ದಿನ ಸರದಿ. ಊರಿನ ಹಳೆಯ ಗರಡಿಮನೆಯ ಉಸ್ತಾದ್ ಅವರು. ತಮ್ಮ ಕಾಲದಲ್ಲಿ ಹೆಸರಾದ ಜಟ್ಟಿ. ಯಮನ ಹೆಸರನ್ನೇ ಇಟ್ಟುಕೊಂಡವನನ್ನು ಯಮ ಏನು ಮಾಡಿಯಾನು ಎಂದು ತಾವೇ ತಮಾಷೆ ಮಾಡುತ್ತಿದ್ದರು.

ಅವರು ತೂಕ ಹಾಕಿಸಿಕೊಳ್ಳುವುದೇ ಒಂದು ಸಮಾರಂಭ. ಚಪ್ಪಲಿ ಬಿಟ್ಟು, ಬಾಗಿ, ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು, ಅಖಾಡದ ಮಣ್ಣಿಗೆ ಇಳಿಯುವವರ ಹಾಗೆ. ಆಮೇಲೆ ಎದೆಯುಬ್ಬಿಸಿ ಹತ್ತುವರು. ಮುಳ್ಳು ಬೆಚ್ಚಿಬಿದ್ದು ಓಡಿ, ಅಷ್ಟು ದೂರ ಹೋಗಿ ಅಭ್ಯಾಸವಿಲ್ಲದ್ದರಿಂದ ಏದುಸಿರು ಬಿಡುತ್ತ ನಿಲ್ಲುವುದು. ದೊಡ್ಡತಾಯಮ್ಮ ಅಂಕಿಯನ್ನು ವಾರ್ಡಿಗೆಲ್ಲ ಕೇಳುವಂತೆ ಓದುವರು. ಎರಡನೆಯ ಸರದಿಗೆ ಬಂದಾಗಲೂ ಅದೇ ಅಂಕಿ, ಮೂರನೆಯದಕ್ಕೂ ಅದೇ. ನಮಗೆಲ್ಲ ಬಳೆ ಸಡಿಲವಾಗಿ, ಕೊರಳಪಟ್ಟಿ ಜೋಲಾಡುತ್ತಿದ್ದ ದಿನಗಳು ಅವು. ಆ ಮನುಷ್ಯ ಮಾತ್ರ ಕರಗಲಿಲ್ಲ ಎಂಬುದರಲ್ಲಿ ಇಡೀ ವಾರ್ಡಿಗೆ ಒಂದು ಸಮಾಧಾನವಿತ್ತು. ನಮ್ಮೆಲ್ಲರ ಪರವಾಗಿ ಒಬ್ಬರಾದರೂ ದಪ್ಪಗಿದ್ದರಲ್ಲ.

ತೂಕದ ವಿಷಯ ನಮ್ಮಲ್ಲಿ ಅಷ್ಟು ದೊಡ್ಡದಾಗಲು ಕಾರಣ ಕಾಫಿಪುಡಿ ಅಂಗಡಿಯ ಶೇಷಗಿರಿಯವರು. ಅವರೂ ನಮ್ಮ ಹಾಗೆ ಕುರ್ಚಿಯವರು, ವಾರ್ಡಿನ ಹಿರಿಯ ರೋಗಿ, ಆದ್ದರಿಂದ ತಮ್ಮನ್ನು ಅರ್ಧ ಡಾಕ್ಟರೆಂದು ತಿಳಿದಿದ್ದರು. ತೂಕ ಇಂತಿಷ್ಟಕ್ಕಿಂತ ಇಳಿದರೆ ಇವರು ಮದ್ದು ನಿಲ್ಲಿಸಿಬಿಡುತ್ತಾರೆ, ಕೈಗೆ ಟಾನಿಕ್ಕು ಕೊಟ್ಟು ಮನೆಗೆ ಕಳಿಸುತ್ತಾರೆ, ತಮ್ಮ ಷಡ್ಡಕನ ಅಣ್ಣನಿಗೆ ಹಾಗೇ ಆಯಿತು, ಆಮೇಲೆ ಅವನು ಉಳಿಯಲಿಲ್ಲ ಎಂದು ಹೊಸಬರಿಗೆಲ್ಲ ಹೇಳುತ್ತಿದ್ದರು. ಷಡ್ಡಕನ ಅಣ್ಣನಿಗೆ ನಿಜವಾಗಿ ಏನಾಗಿತ್ತೆಂದು ಯಾರೂ ಕೇಳಲಿಲ್ಲ. ತನಗೆ ಗೊತ್ತಿಲ್ಲದವನ ಸಾವು ಯಾವಾಗಲೂ ಗಟ್ಟಿ ಪುರಾವೆ. ಜವರಣ್ಣ ಮೊದಲ ದಿನವೇ ಶೇಷಗಿರಿಯವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು.

ರಾಜಮತಿಗೂ ಅವರಿಗೂ ಆರಂಭದಲ್ಲೇ ಒಂದು ಪಟ್ಟು ನಡೆದಿತ್ತು. ಏನೂ ಇಲ್ಲ, ಏನೂ ಇಲ್ಲ ಎನ್ನುತ್ತಲೇ ಜವರಣ್ಣ ಒಂದು ಲೇಹ್ಯದ ವಿಷಯಕ್ಕೆ ಬಂದಿದ್ದರು. ಗುರುಗಳಿಂದ ಬಂದದ್ದು, ಬಾದಾಮಿ ಇದೆ, ತುಪ್ಪ ಇದೆ, ಇನ್ನು ಯಾವ್ಯಾವ ಬೇರು ಇವೆಯೆಂದು ಗುರುಗಳಿಗೇ ಗೊತ್ತು, ಗುರುಗಳು ಈಗಿಲ್ಲ.

"ನಿಮ್ಮ ಗುರುಗಳಿಗೆ ಈ ಮದ್ದು ಗೊತ್ತಿರಲಿಲ್ಲ, ನನಗೆ ಆ ಬೇರು ಗೊತ್ತಿಲ್ಲ," ಎಂದಳು ರಾಜಮತಿ. "ಅವೆರಡೂ ನಿಮ್ಮ ಹೊಟ್ಟೆಯೊಳಗೆ ಜಗಳಕ್ಕೆ ಬಿದ್ದರೆ ಬಿಡಿಸೋಕೆ ನಾನು ಒಳಗೆ ಬರೋಕಾಗುತ್ತಾ?"

ಜವರಣ್ಣ ಬಹಳ ಹೊತ್ತು ಯೋಚಿಸಿ ಲೇಹ್ಯ ಬಿಟ್ಟರು. ಒಬ್ಬ ಹೆಂಗಸಿಗೆ ಸೋತೆ ಎಂದು ಅವರಿಗೆ ಅನ್ನಿಸಿದಂತೆ ಕಾಣಲಿಲ್ಲ. ಒಳ್ಳೆಯ ಪಟ್ಟು ಹಾಕಿದವರನ್ನು ನೋಡುವ ಹಾಗೆ ಅವಳನ್ನು ನೋಡುತ್ತಿದ್ದರು.

ಲೈಬ್ರರಿಯಲ್ಲಿ ಬದುಕು ಕಳೆದವರ ಕಿವಿ ಬೇರೆಯ ರೀತಿ ಪಳಗಿರುತ್ತದೆ. ಮಾತಾಡಬೇಡಿ ಎಂದು ಎಲ್ಲರ ಬಾಯಿ ಮುಚ್ಚಿಸಿದ ಮೇಲೆ ಉಳಿಯುವ ಸಣ್ಣ ಸದ್ದುಗಳೇ ನಮಗೆ ಸಿಗುವ ಆಸ್ತಿ. ನಾನು ಗಮನಿಸಿದ್ದು ಇಷ್ಟು: ಜವರಣ್ಣ ಕುರ್ಚಿಯಲ್ಲಿ ಕೂರುವಾಗ ಎರಡು ಸದ್ದಾಗುತ್ತಿತ್ತು. ಮೊದಲು ಮೆತ್ತಗೆ ಮೈಯ ಸದ್ದು; ಅದರ ಬೆನ್ನಿಗೇ ಏನೋ ಮೊಂಡಾಗಿ, ಡಬ್ಬೆಂದು. ಗರಡಿಮನೆಯ ಬೀಗದ ಕೈಗೊಂಚಲು ಇರಬೇಕೆಂದುಕೊಂಡೆ. ಹಳೆಯ ಕಾಲದ ಬಾಗಿಲು, ದೊಡ್ಡ ಬೀಗ. ಕತೆ ಓದುವವರಿಗೆ ಸುಲಭದ ವಿವರಣೆ ಬೇಗ ಸಿಗುತ್ತದೆ.

ನಾಲ್ಕನೆಯ ಸರದಿಯ ದಿನ ಜವರಣ್ಣ ಯಂತ್ರ ಹತ್ತಿದಾಗ ಮುಳ್ಳು ಮತ್ತೆ ಅದೇ ಅಂಕಿಗೆ ಬಂದು ನಿಂತಿತು. ದೊಡ್ಡತಾಯಮ್ಮ ಮಾತ್ರ ಅಂದು ಗಟ್ಟಿಯಾಗಿ ಓದಲಿಲ್ಲ. ಡಾಕ್ಟರು ನೋಡಿ ಸಹಿ ಹಾಕಿ ಹೋದರು. ರಾಜಮತಿಯ ಸ್ಟೂಲು ಕಿರುಗುಟ್ಟುತ್ತ ಬಂದು ಜವರಣ್ಣನ ಮುಂದೆ ನಿಂತಿತು, ಅಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲ.

ಅವಳು ಬಾಯಿ ತೆಗೆಯಲು ಹೇಳಿದಳು. ಒಳಗೆ ನಾಲಗೆಯ ಅಂಚಿನವರೆಗೂ ಹುಣ್ಣು. ಊಟ ಹೇಗೆ ಎಂದರೆ ಗಂಜಿ ಎಂದರು. ಗಂಜಿ ಎಷ್ಟು ಎಂದರೆ ಹೆಂಡತಿಯ ಮುಖ ನೋಡಿದರು. ಅಂಗಿಯ ಗುಂಡಿ ಹಾಕಿದ್ದು ಯಾರು ಎಂದು ಅವಳು ಕೇಳಿದಾಗ ದೊಡ್ಡತಾಯಮ್ಮ, ತಾನೇ, ಇವರ ಬೆರಳಿಗೆ ಈಗೀಗ ಗುಂಡಿ ಸಿಕ್ಕುತ್ತಿಲ್ಲ ಎಂದರು. ಜವರಣ್ಣ ಹೆಂಡತಿಯನ್ನು ದುರುಗುಟ್ಟಿಕೊಂಡು ನೋಡಿದರು. ಆಕೆ ಆ ನೋಟಕ್ಕೆ ಬಹಳ ವರ್ಷದಿಂದ ಹೊಂದಿಕೊಂಡವರು.

ಅಷ್ಟರಲ್ಲಿ ಸಿಸ್ಟರ್ ಗ್ರೇಸಿ ಬಂದು, ಎಲ್ಲರದೂ ತಡವಾಗುತ್ತಿದೆ, ಸಹಿ ಆಗಿದೆ, ತೂಕವೂ ಹೋದ ಸಲದಷ್ಟೇ ಇದೆ, ಇನ್ನೇನು ಅಡ್ಡಿ ಎಂದು ಕೇಳಿದಳು.

"ಅದೇ ಅಡ್ಡಿ ಸಿಸ್ಟರ್," ಎಂದಳು ರಾಜಮತಿ. "ಬಾಯಿತುಂಬ ಹುಣ್ಣು, ಹೊಟ್ಟೆಗೆ ಗಂಜಿ, ತೂಕ ಮಾತ್ರ ಒಂಚೂರೂ ಅಲ್ಲಾಡಿಲ್ಲ. ಯಾರ ಮೈಯೂ ಇಷ್ಟು ಶಿಸ್ತಾಗಿರಲ್ಲ. ನನ್ನ ತೂಕನೇ ಸೋಮವಾರ ಒಂದು, ಶನಿವಾರ ಒಂದು."

ಯಂತ್ರ ಕೆಟ್ಟಿರಬಹುದೆಂದು ಸಿಸ್ಟರ್ ಹೇಳಿದಳು. ಉಳಿದ ನಮಗೆಲ್ಲ ಅದು ಇಳಿದದ್ದನ್ನು ಸರಿಯಾಗಿಯೇ ತೋರಿಸುತ್ತಿದ್ದುದರಿಂದ ಆ ಮಾತು ನಿಲ್ಲಲಿಲ್ಲ. ರಾಜಮತಿ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಸ್ಟೂಲಿನ ಮೇಲೆ ಇನ್ನಷ್ಟು ಆರಾಮಾಗಿ ಕೂತು, ಇವತ್ತಿಗೆ ಬೇರೆ ಕೆಲಸವೇ ಇಲ್ಲವೇನೋ ಎಂಬಂತೆ, ಗರಡಿಮನೆಯಲ್ಲಿ ಜಟ್ಟಿಗಳ ತೂಕ ಯಾಕೆ ನೋಡುತ್ತಾರೆ ಎಂದು ಕೇಳಿದಳು.

ಜವರಣ್ಣನ ಮುಖ ಅರಳಿತು. ಹುಣ್ಣಿನ ಬಾಯಿಯಲ್ಲೇ ಅವರು ಉಪನ್ಯಾಸಕ್ಕೆ ನಿಂತರು. ಕುಸ್ತಿ ಎಂದರೆ ಮೊದಲು ಜೋಡಿ ಕಟ್ಟುವುದು. ಯಾರ ಎದುರಿಗೆ ಯಾರು ಎಂದು ಹಿರಿಯರು ಕೂತು ತೀರ್ಮಾನಿಸಬೇಕು. ಇಬ್ಬರನ್ನೂ ಲಂಗೋಟಿಯಲ್ಲಿ ನಿಲ್ಲಿಸಿ, ತೂಕ ನೋಡಿ, ತೊಡೆ ನೋಡಿ, ಕತ್ತು ನೋಡಿ, ಸರಿಸಮ ಇದ್ದರೆ ಮಾತ್ರ ಕೈ ಕೂಡಿಸುವುದು. ಅವರು ತಾವು ಕಟ್ಟಿದ ಜೋಡಿಗಳ ಬಗ್ಗೆ, ಮದುವೆ ಮಾಡಿಸಿದ ಹಿರಿಯರು ಹೇಳುವಂತೆ ಹೆಮ್ಮೆಯಿಂದ ಹೇಳಿದರು.

"ತೂಕ ನೋಡದೆ ಕಟ್ಟಿಬಿಟ್ಟರೆ?"

"ಮೂಳೆ ಮುರೀತದೆ. ಮುರ್ಕೊಂಡೋನ್ದು ತಪ್ಪಲ್ಲ ಕಣವ್ವ, ಜೋಡಿ ಕಟ್ಟಿದೋನ್ದು."

"ತೂಕದಲ್ಲಿ ಮೋಸ ಮಾಡೋರು ಇರ್ತಿದ್ರಾ?"

ಇರದೆ ಏನು. ದೊಡ್ಡ ಹೆಸರಿನವನ ಜೊತೆ ಜೋಡಿ ಸಿಗಲಿ, ಊರೆಲ್ಲ ತನ್ನನ್ನು ನೋಡಲಿ ಎಂದು ಆಸೆಪಡುವ ಹುಡುಗರು ಬಿಂದಿಗೆಗಟ್ಟಲೆ ನೀರು ಕುಡಿದು ಬರುತ್ತಿದ್ದರಂತೆ. ಪೇಟದೊಳಗೆ ಕಲ್ಲಿಡುವರಂತೆ, ಲಂಗೋಟಿಯ ಮಡಿಕೆಯಲ್ಲಿ ಸೀಸದ ತುಂಡು. ವಾರ್ಡಿನ ಕುರ್ಚಿಗಳೆಲ್ಲ ನಗುತ್ತಿದ್ದವು. ಶೇಷಗಿರಿಯವರು ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದರು. ದೊಡ್ಡತಾಯಮ್ಮ ಒಬ್ಬರೇ ನಗದೆ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಿದ್ದರು.

"ನೀವು ಹೇಗೆ ಕಂಡುಹಿಡೀತಿದ್ರಿ?" ಎಂದಳು ರಾಜಮತಿ.

"ಅದು ನಮ್ ಗುರುಗಳು ಹೇಳ್ಕೊಟ್ಟ ಇದ್ಯೆ," ಎಂದು ಜವರಣ್ಣ ಮುಂದೆ ಬಾಗಿದರು. "ಎಗರು ಅಂತೀನಿ. ನಿಂತಲ್ಲೇ ಒಂದು ಸಲ ಎಗರು. ಸ್ವಂತ ತೂಕದೋನು ಒಂದೇ ಸಲ ಇಳೀತಾನೆ. ಕಟ್ಕೊಂಡ್ ಬಂದೋನು ಎರಡು ಸಲ ಇಳೀತಾನೆ. ಮೊದ್ಲು ಅವನು, ಆಮೇಲೆ ಅವನು ಕಟ್ಕೊಂಡಿದ್ದು. ಕಣ್ಣು ಮುಚ್ಕೊಂಡು ಕೇಳುದ್ರೆ ಸಾಕು, ತಿಳೀತದೆ."

ನನ್ನ ಕಿವಿಯೊಳಗೆ ಆ ಎರಡನೆಯ ಡಬ್ಬೆಂಬ ಸದ್ದು ತಾನಾಗಿ ಬಂದು ಕೂತಿತು. ಬೀಗದ ಕೈಗೊಂಚಲು ಕರಗಿಹೋಯಿತು.

ರಾಜಮತಿ ಎದ್ದು, ಸ್ಟೂಲನ್ನು ಪಕ್ಕಕ್ಕೆ ಸರಿಸಿ, ಅವರ ಮುಂದೆ ನೆಲದಲ್ಲಿ ಜಾಗ ಮಾಡಿದಳು. ದನಿ ಏರಿಸಲಿಲ್ಲ. "ಉಸ್ತಾದ್, ಒಂದು ಸಲ ಎಗರಿ ತೋರಿಸ್ತೀರಾ?"

ಅಂಥ ಮೌನವನ್ನು ನಾನು ಲೈಬ್ರರಿಯಲ್ಲಿ ಎಷ್ಟು ಗದರಿದರೂ ತರಲಾಗಿರಲಿಲ್ಲ. ಜವರಣ್ಣನ ದೊಡ್ಡ ಕೈಗಳು ಕುರ್ಚಿಯ ತೋಳುಗಳನ್ನು ಹಿಡಿದವು, ಬಿಟ್ಟವು. ಅವರ ಕಣ್ಣು ನೆಲದಲ್ಲಿ ಅವಳು ಬಿಟ್ಟ ಜಾಗದ ಮೇಲಿತ್ತು. ಒಂದು ಮಾತಿಗೆ ಸಿಡಿದು, ಹೆಂಡತಿಯನ್ನು ಕರೆದುಕೊಂಡು ಹೊರಟುಬಿಟ್ಟಿದ್ದರೆ ತಡೆಯುವ ಶಕ್ತಿ ಅಲ್ಲಿ ಯಾರಿಗೂ ಇರಲಿಲ್ಲ. ಹೊರಟರೆ ಅವರು ಮತ್ತೆ ಬರುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ಕೂತೇ ಇದ್ದು ಆ ತೂಕದ ಮದ್ದನ್ನೇ ಹನಿಸಿಕೊಂಡರೂ ಬಹಳ ದಿನ ಬದುಕಿ ಬರಲಾರರೆಂದು ರಾಜಮತಿಗೆ ಖಾತ್ರಿಯಿತ್ತು.

ಮೌನ ಮುರಿದವರು ದೊಡ್ಡತಾಯಮ್ಮ. "ಎಗರಿಬುಡಿ ಅಂದ್ರೆ," ಎಂದರು, ಸುಸ್ತಾದ ದನಿಯಲ್ಲಿ. "ನಂಗೂ ಹೊಲ್ದು ಹೊಲ್ದು ಸಾಕಾಗ್ಯದೆ."

ಜವರಣ್ಣ ಕತ್ತೆತ್ತಿದರು. ಕೋಪವನ್ನು ಹುಡುಕಿದರು, ಅದು ಸಿಕ್ಕಲಿಲ್ಲ. "ತೂಕ ಇಳುದ್ರೆ ಮದ್ದು ನಿಲ್ಸಿ ಮನೇಗ್ ಕಳಿಸ್ತಾರೆ ಅಂದ್ರು," ಎಂದರು ಕೊನೆಗೆ. "ಹಿಡಿದ್ ಕುಸ್ತೀನ ನಾನು ಅರ್ಧಕ್ಕೆ ಬಿಟ್ಟೋನಲ್ಲ. ಅದ್ಕೆ."

ಹಾಗೆ ಹೇಳಿದವರು ಯಾರು ಎಂದು ಯಾರೂ ಕೇಳಲಿಲ್ಲ. ಎಲ್ಲರ ಕಣ್ಣೂ ತಾವಾಗಿ ಶೇಷಗಿರಿಯವರ ಕಡೆ ಹೋದವು. ಅವರು ಮೇಲಿನ ಫ್ಯಾನಿನ ರೆಕ್ಕೆಗಳನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು.

ರಾಜಮತಿ ಮತ್ತೆ ಸ್ಟೂಲಿನ ಮೇಲೆ ಕೂತಳು, ಈ ಸಲ ಅವರ ಮೊಣಕಾಲಿಗೆ ಹತ್ತಿರವಾಗಿ. "ತೂಕ ಇಳಿದರೆ ಮದ್ದು ನಿಲ್ಲಿಸಲ್ಲ ಉಸ್ತಾದ್. ಅಳತೆ ಬದಲಾಯಿಸ್ತೀವಿ, ಅಷ್ಟೇ. ಡಾಕ್ಟರು ಬರೀತಾರೆ, ಕಟ್ಟೋ ಕೈ ನನ್ನದು. ನಿಮಗೂ ಈ ಮದ್ದಿಗೂ ಜೋಡಿ ಕಟ್ಟೋಳು ನಾನು. ನೀವು ತೋರಿಸಿದ ತೂಕ ನಂಬಿಕೊಂಡು ನಿಮ್ಮೆದುರಿಗೆ ನಿಮಗಿಂತ ದೊಡ್ಡ ಪೈಲ್ವಾನನ್ನ ಬಿಡ್ತಾ ಇದ್ದೀನಿ. ಬಾಯಿ ಹುಣ್ಣು, ಬೆರಳಿನ ಜೋಮು ಎಲ್ಲ ಅವನ ಹೊಡೆತ."

ಜವರಣ್ಣ ಅದನ್ನು ಒಳಗೆ ತೂಗಿ ನೋಡಿದರು. ಅವರ ತುಟಿಯ ಮೂಲೆ ಸ್ವಲ್ಪ ಅಲ್ಲಾಡಿತು. "ಅಂದ್ರೆ ನಾನು ಸೋಲ್ತಿದ್ದುದ್ದು ಕಾಯಿಲೆ ಕೈಲಲ್ಲ. ಮದ್ದಿನ ಕೈಲಿ."

"ಔದು," ಎಂದಳು ಅವಳು, ಅವರ ಮಾತಿನ ಧಾಟಿಯಲ್ಲೇ.

ಅವರು ಎದ್ದು ಪರದೆಯ ಹಿಂದೆ ಹೋದರು, ದೊಡ್ಡತಾಯಮ್ಮ ಹಿಂದೆಯೇ. ದಾರ ಹರಿಯುವ ಸದ್ದು, ಆಮೇಲೆ ನೆಲಕ್ಕೆ ಒಂದೊಂದಾಗಿ ಇಳಿಯುವ ಕಬ್ಬಿಣದ ಸದ್ದು. ಗರಡಿಯ ಕಬ್ಬಿಣದ ಬಿಲ್ಲೆಗಳನ್ನು, ಸಾಲದ್ದಕ್ಕೆ ಮರಳಿನ ಪುಟ್ಟ ಚೀಲಗಳನ್ನು, ದಪ್ಪ ಖಾದಿಯ ನಡುಪಟ್ಟಿಯೊಳಗೆ ಹೊಲಿದು ಕಟ್ಟಿಕೊಂಡಿದ್ದರು. ಪ್ರತಿ ಸರದಿಯ ಹಿಂದಿನ ದಿನ ಪರಿಚಯದ ಸೌದೆ ಡಿಪೋದ ತಕ್ಕಡಿಯಲ್ಲಿ ನಿಂತು, ಕರಗಿದಷ್ಟನ್ನು ಹೆಂಡತಿಯಿಂದ ಹೊಲಿಸಿಕೊಂಡು, ಮೊದಲ ದಿನದ ಅಂಕಿಗೆ ಸರಿಮಾಡಿಕೊಳ್ಳುವುದು. ಹೊಲಿಗೆ ಮಾತ್ರ ಬಹಳ ನೀಟಾಗಿತ್ತು. ಸಿಸ್ಟರ್ ಗ್ರೇಸಿ ಕೂಡ ಮೆಚ್ಚಿಕೊಂಡಳು.

ಪರದೆಯಿಂದ ಹೊರಬಂದ ಮನುಷ್ಯ ಬೇರೆಯೇ. ಅಂಗಿ ಅದೇ, ಒಳಗಿನವರು ಅರ್ಧ. ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. ಮುಳ್ಳು ಅಭ್ಯಾಸಬಲದಿಂದ ಹಳೆಯ ಜಾಗದ ಕಡೆ ಓಡಿ, ಅಲ್ಲಿ ಯಾರೂ ಇಲ್ಲವೆಂದು ಕಂಡು, ಹಿಂದಕ್ಕೆ ಬರತೊಡಗಿತು. ಬಂದು ಬಂದು, ಎಷ್ಟೋ ಕೆಳಗೆ ನಿಂತಿತು. ಯಾರೂ ಅಂಕಿಯನ್ನು ಗಟ್ಟಿಯಾಗಿ ಓದಲಿಲ್ಲ. ನಮ್ಮ ಪರವಾಗಿ ದಪ್ಪಗಿದ್ದವರು ಇನ್ನಿರಲಿಲ್ಲ. ವಿಚಿತ್ರವೆಂದರೆ ಅದರಿಂದ ದುಃಖವಾಗಲಿಲ್ಲ; ನಮ್ಮ ಸಾಲಿಗೆ ಒಬ್ಬರು ಬಂದು ಕೂತರೆನ್ನಿಸಿತು.

ರಾಜಮತಿ ಡಾಕ್ಟರನ್ನು ಕರೆಸಿದಳು. ಡಾಕ್ಟರು ಬಂದು ಬಾಯಿ ನೋಡಿ, ಬೆರಳು ಒತ್ತಿ ನೋಡಿ, ನಡುಪಟ್ಟಿಯನ್ನು ಎತ್ತಲು ಹೋಗಿ ಎತ್ತಲಾರದೆ ಕೆಳಗಿಟ್ಟರು. ಇವತ್ತು ಮದ್ದು ಬೇಡ, ಬಾಯಿ ಮಾಯಲಿ, ರಕ್ತ ಚೇತರಿಸಿಕೊಳ್ಳಲಿ, ಮುಂದಿನ ವಾರ ಹೊಸ ಅಳತೆಯಲ್ಲಿ ಕೊಡೋಣ ಎಂದರು. ಸರಿಯಾದ ಮಾತೇ. ಆದರೆ ಜವರಣ್ಣ ಹೆದರಿದ್ದು ಇದಕ್ಕೇ ಅಲ್ಲವೆ: ತೂಕ ಇಳಿಯಿತು, ಮದ್ದಿಲ್ಲದೆ ಮನೆಗೆ. ಶೇಷಗಿರಿಯವರ ಷಡ್ಡಕನ ಅಣ್ಣ ವಾರ್ಡಿನ ನಡುವೆ ಬಂದು ನಿಂತಂತಾಯಿತು.

ರಾಜಮತಿಗೂ ಅದು ತಿಳಿದಿರಬೇಕು. ಅವಳು ಅವರಿಬ್ಬರ ಜೊತೆ ಬಾಗಿಲವರೆಗೂ ಹೋದಳು. ಉಪ್ಪು ಸೋಡ ಹಾಕಿದ ನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಗಂಜಿಗೆ ಏನೇನು ಸೇರಿಸುವುದು, ಮೈ ಬಿಸಿಯಾದರೆ ಬೆಳಗಾಗಲಿ ಎಂದು ಕಾಯದೆ ಬಂದುಬಿಡುವುದು, ಎಲ್ಲವನ್ನೂ ದೊಡ್ಡತಾಯಮ್ಮನಿಂದ ಒಂದು ಸಲ, ಜವರಣ್ಣನಿಂದ ಒಂದು ಸಲ ಬಾಯಿಪಾಠ ಒಪ್ಪಿಸಿಕೊಂಡಳು. ಕೊನೆಗೆ, "ನೀವು ಬಂದು ಎಗರೋವರೆಗೂ ನಿಮ್ಮ ಮದ್ದು ಬೆರೆಸಲ್ಲ. ಬೆರೆಸಿದ್ದನ್ನ ಬಿಡಿಸೋಕೆ ಬರಲ್ಲ ನನಗೆ," ಎಂದಳು. ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ನಡುಪಟ್ಟಿ ಪರದೆಯ ಹಿಂದೆಯೇ ಉಳಿಯಿತು. ಅದನ್ನು ಹೊರಲು ಅವರಲ್ಲಿ ಯಾರಿಗೂ ಮನಸ್ಸಿದ್ದಂತಿರಲಿಲ್ಲ.

ಆ ಮಧ್ಯಾಹ್ನ ಅವಳು ಉಳಿದವರಿಗೂ ತೂಕದ ವಿಷಯ ಬಿಡಿಸಿ ಹೇಳಿದಳು, ಯಾರ ಹೆಸರನ್ನೂ ಎತ್ತದೆ. ಶೇಷಗಿರಿಯವರು ಸ್ವಲ್ಪ ಹೊತ್ತು ಬಿಟ್ಟು, ತಮ್ಮ ಕೋಟಿನ ಒಳಜೇಬಿನಿಂದ ಅರ್ಧ ಸೇರಿನ ಹಿತ್ತಾಳೆಯ ತೂಕದ ಬಟ್ಟೊಂದನ್ನು ತೆಗೆದು, ಅಂಗಡಿಯಿಂದ ಮರೆತು ತಂದುಬಿಟ್ಟೆ ಎಂದು ಕುರ್ಚಿಯ ಕೆಳಗಿಟ್ಟರು. ಮರೆವು ಯಾರಿಗಿಲ್ಲ.

ಮುಂದಿನ ವಾರ ನನ್ನ ಸರದಿ ಇರಲಿಲ್ಲ. ರಕ್ತ ಪರೀಕ್ಷೆಯ ನೆಪ ಮಾಡಿಕೊಂಡು ಹೋದೆ. ನೆಪ ಮಾಡಿಕೊಂಡು ಬಂದವಳು ನಾನೊಬ್ಬಳೇ ಅಲ್ಲವೆಂದು ಬಾಗಿಲ ಪಕ್ಕದ ತುಂಬಿದ ಬೆಂಚು ನೋಡಿ ತಿಳಿಯಿತು. ಉಳಿದ ಕುರ್ಚಿಗಳೆಲ್ಲ ತುಂಬಿ, ಜವರಣ್ಣನದೊಂದು ಖಾಲಿ ಇತ್ತು. ಗಾಜಿನ ಕೋಣೆಯಲ್ಲಿ ರಾಜಮತಿ ಬೇರೆಯವರ ಮದ್ದು ಬೆರೆಸುತ್ತ, ಆಗಾಗ ಕತ್ತೆತ್ತಿ ಬಾಗಿಲು ನೋಡುತ್ತಿದ್ದಳು. ಹೊತ್ತು ಏರಿತು. ಶೇಷಗಿರಿಯವರು ಎರಡು ಸಲ ಎದ್ದು ವರಾಂಡಕ್ಕೆ ಹೋಗಿ ಬಂದರು.

ಕೊನೆಗೂ ಗಂಡ ಹೆಂಡತಿ ಬಂದರು. ಬಸ್ಸು ಕೆಟ್ಟಿತ್ತಂತೆ. ಇಬ್ಬರೂ ನಡೆದುಕೊಂಡೇ ಬಂದಿದ್ದರು. ಜವರಣ್ಣ ಯಾರ ಮುಖವನ್ನೂ ನೋಡದೆ ನೇರವಾಗಿ ಯಂತ್ರದ ಹತ್ತಿರ ಹೋದರು. ಚಪ್ಪಲಿ ಬಿಟ್ಟರು. ಗಾಜಿನ ಕೋಣೆಯ ಕಡೆ ಒಮ್ಮೆ ತಿರುಗಿ, ಒಳಗಿನವಳು ನೋಡುತ್ತಿದ್ದಾಳೆಂದು ಖಾತ್ರಿ ಮಾಡಿಕೊಂಡು, ನಿಂತಲ್ಲೇ ಎಗರಿದರು. ಎತ್ತರವೇನಲ್ಲ, ಒಂದು ಗೇಣು ಇರಬಹುದು. ಇಳಿದರು. ಒಂದೇ ಸದ್ದು. ಆಮೇಲೆ ಹಲಗೆ ಹತ್ತಿ, ಮುಳ್ಳು ತನ್ನ ಯೋಚನೆ ಮುಗಿಸುವವರೆಗೆ ಕಾದು, ಅಂಕಿಯನ್ನು ತಾವೇ ಗಟ್ಟಿಯಾಗಿ ಓದಿದರು.

ರಾಜಮತಿ ಒಳಗಿದ್ದೇ ಎರಡು ಗವಸಿನ ಕೈಯೆತ್ತಿ ತೋರಿಸಿದಳು. ಆಮೇಲೆ ಹೊರಬಂದು ಅವರ ಬಾಯಿ ನೋಡಿ, ಮಾತಾಡಿಸಿ, ಡಾಕ್ಟರಿಂದ ಹೊಸ ಅಳತೆ ಬರೆಸಿಕೊಂಡು ಹೋಗಿ ಬೆರೆಸತೊಡಗಿದಳು.

ಮದ್ದಿನ ಚೀಲ ಕಂಬಿಗೆ ಏರಿದಾಗ ಜವರಣ್ಣ ಅದನ್ನು ಕಣ್ಣಲ್ಲೇ ಅಳೆದರು. ಮೊದಲಿನಷ್ಟು ಉಬ್ಬಿಲ್ಲವಲ್ಲ, ಕಡಿಮೆ ಮದ್ದಿಗೆ ಗುಣವೂ ಕಡಿಮೆಯೇ ಇರಬೇಕಲ್ಲ ಎಂದು ಗೊಣಗಿದರು. "ಜೋಡಿ ಸರಿಯಾಗ್ಯದೆ," ಎಂದು ದೊಡ್ಡತಾಯಮ್ಮ ಗದರಿಸಿದರು. "ಸುಮ್ನೆ ಕುಸ್ತಿ ಆಡಿ."

ಅಂದಿನಿಂದ ಆ ವಾರ್ಡಿನಲ್ಲಿ ಒಂದು ಪದ್ಧತಿ ಶುರುವಾಯಿತು. ಯಂತ್ರ ಹತ್ತುವ ಮುನ್ನ ಎಲ್ಲರೂ ಒಮ್ಮೆ ಎಗರುವುದು. ಮೊದಲು ತಮಾಷೆಗೆ, ಆಮೇಲೆ ಅಭ್ಯಾಸಕ್ಕೆ. ಕೈಲಾಗದವರು ಹಿಮ್ಮಡಿ ಎತ್ತಿ ಊರಿದರೆ ಸಾಕು. ಕಾಯಿಲೆಯವರನ್ನು ಕುಣಿಸುತ್ತಾರೆಂದು ಸಿಸ್ಟರ್ ಗ್ರೇಸಿ ಆಕ್ಷೇಪಿಸಿದಳು, ಆದರೆ ತನ್ನ ತೂಕ ನೋಡಿಕೊಳ್ಳುವಾಗ ತಾನೂ ಎಗರುವುದನ್ನು ನಾನು ಕಂಡಿದ್ದೇನೆ. ಜವರಣ್ಣ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು, ತೋಳಿಗೆ ಮದ್ದು ಹನಿಯುತ್ತಿರುವಾಗಲೇ, ಪ್ರತಿಯೊಬ್ಬರ ಇಳಿತಕ್ಕೂ ತೀರ್ಪು ಕೊಡುತ್ತಿದ್ದರು. ಬಾಯಿ ಮಾಯಿತು. ಬೆರಳಿನ ಜೋಮು ಪೂರ್ತಿ ಹೋಗಲಿಲ್ಲ. ಮೇಲಿನ ಒಂದು ಗುಂಡಿಯನ್ನು ಕೊನೆಯವರೆಗೂ ದೊಡ್ಡತಾಯಮ್ಮನೇ ಹಾಕಬೇಕಾಗುತ್ತಿತ್ತು. ಹಿಡಿದ ಕುಸ್ತಿಯನ್ನು ಅವರು ಅರ್ಧಕ್ಕೆ ಬಿಡಲಿಲ್ಲ. ನಾನೂ ನನ್ನದನ್ನು ಮುಗಿಸಿದೆ, ಅವರಷ್ಟು ಸದ್ದಿಲ್ಲದೆ.

ಈಗಲೂ ಆಗೊಮ್ಮೆ ಈಗೊಮ್ಮೆ ತಪಾಸಣೆಗೆ ಹೋಗುತ್ತೇನೆ. ಹೋದ ಸಲ ಹೋದಾಗ ಕುರ್ಚಿಗಳಲ್ಲಿ ಹೊಸಬರಿದ್ದರು. ಯಂತ್ರದ ಮುಂದೆ ಒಬ್ಬ ಎಳೆಯ ಹೆಂಗಸು ಪುಟ್ಟದ್ದಾಗಿ ಎಗರಿ ಹತ್ತಿದಳು. ಯಾಕಮ್ಮ ಹಾಗೆ ಎಂದು ಕೇಳಿದ್ದಕ್ಕೆ, ಇಲ್ಲಿ ಹಾಗೇ ಮಾಡುವುದು ಎಂದಳು, ನಾನು ಹೊಸಬಳಿರಬೇಕೆಂದು ತಿಳಿದು. ಗಾಜಿನ ಕೋಣೆಯಲ್ಲಿ ರಾಜಮತಿ ಇದ್ದಳು, ಕೂದಲು ನರೆತಿತ್ತು. ಬಾಗಿಲ ಪಕ್ಕದ ಬೆಂಚಿನಲ್ಲಿ, ತಮ್ಮ ತಪಾಸಣೆಗೆ ಕಾಯುತ್ತ, ಜವರಣ್ಣ ಕಣ್ಣು ಮುಚ್ಚಿ ಗೋಡೆಗೊರಗಿದ್ದರು. ಪಕ್ಕದಲ್ಲಿ ದೊಡ್ಡತಾಯಮ್ಮ ಅವರ ಭುಜಕ್ಕೆ ಒರಗಿ ತೂಕಡಿಸುತ್ತಿದ್ದರು. ಉಸ್ತಾದರೂ ನಿದ್ದೆಯಲ್ಲಿರಬೇಕೆಂದು ನಾನು ಮಾತಾಡಿಸದೆ ಯಂತ್ರದ ಹತ್ತಿರ ಹೋಗಿ, ಚಪ್ಪಲಿ ಬಿಟ್ಟು, ಹಳೆಯ ರೂಢಿಯಂತೆ ಎಗರಿದೆ.

"ಎರಡು ಸಲ ಇಳುದ್ರಿ, ಲೈಬ್ರರಿ ಅವ್ವ," ಎಂದಿತು ಬೆಂಚು, ಕಣ್ಣು ತೆರೆಯದೆ.

ಹೆಗಲ ಚೀಲದೊಳಗೆ ಕೈ ಹಾಕಿದೆ. ರಾಜಮತಿಗೆಂದು ತಂದಿದ್ದ ಚಕ್ಕೋತ, ಮಗುವಿನ ತಲೆಯಷ್ಟು ದಪ್ಪದ್ದು, ತಳದಲ್ಲಿ ಕೂತಿತ್ತು. ಅದನ್ನು ತೆಗೆದು ಅವರ ಮಡಿಲಲ್ಲಿಟ್ಟು ಬಂದೆ. ಜೋಮಿನ ಬೆರಳುಗಳು ಹಣ್ಣಿನ ಸುತ್ತ ನಿಧಾನವಾಗಿ ಕೂಡಿಕೊಂಡವು. ಮತ್ತೆ ಎಗರಿದೆ. ಬೆಂಚು ಏನೂ ಹೇಳಲಿಲ್ಲ. ನಾನು ಹಲಗೆ ಹತ್ತಿದೆ. ಮುಳ್ಳು ಮುಂದೆ ಹೋಯಿತು, ಹಿಂದೆ ಬಂತು, ಸ್ವಲ್ಪ ಯೋಚಿಸಿತು, ಆಮೇಲೆ ನಿಂತಿತು.